ಕತ್ತಲೆಯ ಚಿತ್ರ ತೆಗೆದ ಮಳೆಗಾಲ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅದು ಮೊದಲ ಸಲ ಕಾಣಿಸಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಆ ಕ್ಯಾಮೆರಾ ತಾನು ತೆಗೆದ ಪ್ರತಿ ಚಿತ್ರದ ಮೂಲೆಯಲ್ಲೂ ಗಂಟೆ, ನಿಮಿಷ ಬರೆಯುತ್ತಿತ್ತು. ಪೂರ್ತಿ ಕಪ್ಪಾಗಿರಬೇಕಾಗಿದ್ದ ಚಿತ್ರದಲ್ಲಿ ಬೂದು ಬಣ್ಣದ ಪಟ್ಟಿಗಳು ಒಂದರ ಕೆಳಗೊಂದು ಮೂಡಿದ್ದವು. ಆ ಪಟ್ಟಿಗಳ ಒಂದು ಬದಿಯನ್ನು ಯಾರೋ ಮರೆಮಾಡಿ ನಿಂತ ಹಾಗಿತ್ತು. ಒಂದು ಭುಜ, ತುಸು ವಾಲಿದ ತಲೆ. ಕೋಣೆಗೆ ಬೀಗ ಹಾಕಿತ್ತು. ಕ್ಯಾಮೆರಾದ ಮುಚ್ಚಳ ಮುಚ್ಚಿತ್ತು. ನಾವು ಮೂವರೂ ಹೊರಗೆ, ಕಂಪ್ಯೂಟರಿನ ಮುಂದೆ ಇದ್ದೆವು.

ಇದನ್ನು ಬರೆಯಲೇಬೇಕು ಅನ್ನಿಸಿದ್ದು ಹೋದ ತಿಂಗಳು ಥಾಣೆಯಲ್ಲಿ ಒಂದು ಮದುವೆಗೆ ಹೋಗಿ ಬಂದ ಮೇಲೆ. ಊಟದ ಹಾಲಿನಲ್ಲಿ ಮಕ್ಕಳಿಗಾಗಿ ಒಂದು ಕೌಂಟರ್ ಇಟ್ಟಿದ್ದರು. ಬಿಸ್ಕತ್ತನ್ನು ಹೊಗೆಯಾಡುವ ಬಟ್ಟಲಿನಲ್ಲಿ ಅದ್ದಿ ಕೊಡುತ್ತಾರೆ, ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡು ಮೂಗಿನಿಂದ ಬಿಳಿ ಹೊಗೆ ಬಿಡುತ್ತವೆ. ಒಂದು ಪುಟ್ಟ ಹುಡುಗಿ ಬಟ್ಟಲಿನ ಒಳಕ್ಕೇ ಬಗ್ಗಿ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟು ಓಡಿ ಹೋಗಿ, ಗುರುತು ಪರಿಚಯವಿಲ್ಲದ ಆ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಬಂದು ನಿಂತುಬಿಟ್ಟೆ. ಮಗು ಕಿರುಚಿತು. ಅದರ ತಾಯಿ, "ಆಪ್ ಹೈ ಕೌನ್?" ಎಂದು ಕಸಿದುಕೊಂಡಳು. ಹಾಲಿನ ಬಾಗಿಲುಗಳೆಲ್ಲ ತೆರೆದಿದ್ದವು, ದೊಡ್ಡ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಅಲ್ಲಿ ಉಸಿರಿಗೇನೂ ತೊಂದರೆಯಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ.

ಬೇರೆಯವರಿಗೆ ಹಳೆಯ ದಿನಗಳು ಯಾವುದೋ ವಾಸನೆಯಿಂದ ನೆನಪಾಗುತ್ತವೆ. ನನಗೆ ಆ ಅನುಕೂಲವೂ ಇಲ್ಲ. ಆ ಮಳೆಗಾಲದಲ್ಲಿ ನಮ್ಮ ಕೋಣೆಯಲ್ಲಿ ತುಂಬಿಕೊಂಡದ್ದಕ್ಕೆ ವಾಸನೆಯಿರಲಿಲ್ಲ, ಬಣ್ಣವಿರಲಿಲ್ಲ, ಸದ್ದಿರಲಿಲ್ಲ.

ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ ವಿಠಲಣ್ಣನ ಗಾಳಾ ಇತ್ತು. ಇಲ್ಲಿ ಸಣ್ಣ ಕಾರ್ಖಾನೆಯ ಜಾಗಕ್ಕೆ ಹಾಗೆನ್ನುತ್ತಾರೆ. ವಿಠಲಣ್ಣ ಕಾಪುವಿನ ಕಡೆಯವರು. ಅವರ ಅಣ್ಣಂದಿರೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತರೆ ಇವರೊಬ್ಬರು ಶಾಲೆಗಳಿಗೆ, ವಿಜ್ಞಾನ ಕೇಂದ್ರಗಳಿಗೆ ಪ್ರದರ್ಶನದ ಯಂತ್ರಗಳನ್ನು ಮಾಡಿಕೊಡುವ ಕೆಲಸ ಹಿಡಿದಿದ್ದರು. ಗುಂಡಿ ಒತ್ತಿದರೆ ತಿರುಗುವ ಗ್ರಹಗಳು, ಮುಟ್ಟಿದರೆ ಕೂದಲು ನಿಮಿರುವ ಗೋಳ, ಇಂಥವು. ನಾನು ಡೊಂಬಿವಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವುದನ್ನು ಬಿಟ್ಟು ಅವರಲ್ಲಿಗೆ ಸೇರಿದ್ದೆ. ಅದಕ್ಕೇ ಅವರು ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಯಂತ್ರಗಳ ಕೆಲಸ ನೋಡಿಕೊಳ್ಳುತ್ತಿದ್ದವನು ನವೀನ, ಮಂಡ್ಯ ಕಡೆಯ ಇಂಜಿನಿಯರ್. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಹೆಂಡತಿ ಸೌಮ್ಯಾಳೊಂದಿಗೆ ಕಲ್ಯಾಣದಲ್ಲಿ ಬಾಡಿಗೆ ಮನೆ ಮಾಡಿದ್ದ. ಕಲ್ಯಾಣದಿಂದ ಅವನು ಬರುವ ಲೋಕಲಿಗೆ ಡೊಂಬಿವಲಿಯಲ್ಲಿ ನಾನು ಹತ್ತುತ್ತಿದ್ದೆ. ಅವನು ಜನರಲ್ ಡಬ್ಬಿ, ನಾನು ಲೇಡೀಸ್. ಥಾಣೆಯಲ್ಲಿ ಇಳಿದು ಒಟ್ಟಿಗೆ ವಾಶಿ ಗಾಡಿ ಹಿಡಿಯುತ್ತಿದ್ದೆವು. ದಿವಾ ದಾಟಿದ ಮೇಲೆ ಮುಂಬ್ರಾದ ಗುಡ್ಡದ ಮೇಲಿಂದ ಬಿಳಿ ನೀರು ಇಳಿಯುವುದು ಕಂಡರೆ ಆ ದಿನ ಗಾಡಿ ತಡ ಎಂದು ಲೆಕ್ಕ.

ಆ ವರ್ಷ ವಿಠಲಣ್ಣನಿಗೆ ಅವರ ಜೀವಮಾನದ ದೊಡ್ಡ ಕೆಲಸ ಸಿಕ್ಕಿತ್ತು. ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುವ ಒಂದು ದೂರದರ್ಶಕದಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತಿಯಾದ ಕ್ಯಾಮೆರಾ ಒಂದಿದೆ. ನಾವೆಲ್ಲ ಪುಸ್ತಕಗಳಲ್ಲಿ ನೋಡಿರುವ ನಕ್ಷತ್ರದ ಮೋಡಗಳ ಚಿತ್ರಗಳಲ್ಲಿ ಎಷ್ಟೋ ಅದು ತೆಗೆದವು. ಹೊಸ ಕ್ಯಾಮೆರಾ ಬಂದಾಗ ಗಗನಯಾತ್ರಿಗಳು ಅದನ್ನು ಕಳಚಿ ಭೂಮಿಗೆ ತಂದರು. ಆ ಕ್ಯಾಮೆರಾದ ಕಣ್ಣು, ಅಂದರೆ ಬೆಳಕನ್ನು ಹಿಡಿಯುವ ಬೆರಳುಗುರಿನಷ್ಟು ದೊಡ್ಡ ಫಲಕ, ಮಾಡುವಾಗ ಜೊತೆಗೆ ಇನ್ನೂ ಕೆಲವನ್ನು ಮಾಡಿ ಇಟ್ಟಿದ್ದರಂತೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಹಾಗೆ ಉಳಿದ ಒಂದು ಫಲಕ ಹೊರದೇಶದ ವಿಶ್ವವಿದ್ಯಾಲಯದ ಕಪಾಟಿನಲ್ಲಿತ್ತು. ಅದನ್ನು ಇಲ್ಲಿನ ಒಂದು ವಿಜ್ಞಾನ ಕೇಂದ್ರದವರು ಎರವಲು ತರಿಸಿದ್ದರು. ಹಳೆಯ ಕ್ಯಾಮೆರಾದ ಹಾಗೇ ಕಾಣುವ ಹೊರಮೈ ಮಾಡಿ, ಒಳಗೆ ಈ ಫಲಕ ಕೂರಿಸಿ, ನೋಡುವವರ ಎದುರೇ ಅದು ಚಿತ್ರ ತೆಗೆಯುವಂತೆ ಮಾಡಿಕೊಡಬೇಕು. ಅದು ನಮ್ಮ ಪಾಲಿನ ಕೆಲಸ.

"ಅಣ್ಣ ಡ್ಯೂಟಿ ಮಾಡಿ ಪೆನ್ಶನ್ ತಗೊಂಡ. ಈ ತಮ್ಮ ಡ್ಯೂಟಿಗೇ ಹೋಗ್ದೆ ರಿಟೈರ್ ಆದ," ಎಂದು ನವೀನ ಪೆಟ್ಟಿಗೆ ಬಿಚ್ಚುತ್ತ ನಕ್ಕಿದ್ದ.

"ನಮ್ಮ ಸಣ್ಣ ಭಾವನ ಹಾಗೆ," ಎಂದರು ವಿಠಲಣ್ಣ. ಅಂದಿನಿಂದ ಅದರ ಹೆಸರು ಪೆನ್ಶನರ್.

ಪೆನ್ಶನರಿಗೆ ಎರಡು ಬೇಕಿತ್ತು: ಚಳಿ ಮತ್ತು ಕತ್ತಲೆ. ಬೆಚ್ಚಗಿದ್ದರೆ ಅದು ಬೆಳಕಿಲ್ಲದೆಯೂ ಏನೇನೋ ಕಾಣುತ್ತದೆ. ಅದಕ್ಕೆ ದ್ರವ ಸಾರಜನಕ ಸುರಿದು ಅದನ್ನು ತಣ್ಣಗೆ ಇಡಬೇಕು. ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ನೀರಿನಂಥ ದ್ರವ ಅದು. ತೆರೆದಿಟ್ಟರೆ ಕುದಿದು ಗಾಳಿಯಾಗಿ ಹೋಗುತ್ತದೆ. ಗ್ಯಾಸಿನವರು ಟೆಂಪೋದಲ್ಲಿ ತಂದಿಳಿಸಿದ ಅದರ ಡಬ್ಬಿ ಹಾಲಿನ ಕ್ಯಾನಿನ ಹಾಗೇ ಇತ್ತು. ಹುಷಾರು ಎಂದು ನಾನು ಹೇಳಿದ್ದಕ್ಕೆ ನವೀನ ಕೈಗವಸು ಹಾಕಿಕೊಳ್ಳುತ್ತ, "ಅಕ್ಕ, ನಮ್ಮೂರಲ್ಲಿ ದನದ ಡಾಕ್ಟ್ರು ಇದನ್ನ ಸ್ಕೂಟ್ರಿಗೆ ಕಟ್ಕೊಂಡು ಬರೋರು. ಮುಚ್ಚಳ ತೆಗೆದ್ರೆ ಹೊಗೆ ನೋಡೋಕೆ ನಾವೆಲ್ಲ ಮುತ್ಕೋತಿದ್ವಿ. ಕೈ ಸುಡದ ಹಾಗೆ ನೋಡ್ಕೊಂಡ್ರೆ ಆಯ್ತು, ಇನ್ನೇನಿಲ್ಲ," ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವನ ಊರಿನಲ್ಲಿ ಆ ಮುಚ್ಚಳ ತೆಗೆಯುತ್ತಿದ್ದದ್ದು ಬಯಲಿನಲ್ಲಿ, ಹುಣಸೆಮರದ ಕೆಳಗೆ.

ಕತ್ತಲೆಗೆ ಗಾಳಾದ ಹಿಂದಿದ್ದ ಸ್ಟೋರ್ ರೂಮನ್ನು ಖಾಲಿ ಮಾಡಿದೆವು. ಕಿಟಕಿಯಿಲ್ಲ. ಹಿಂದಿನ ಓಣಿಗೆ ತೆರೆಯುವ ಒಂದು ಗಾಳಿಕಿಂಡಿ, ಅದಕ್ಕೆ ಓರೆಯಾದ ತಗಡಿನ ಪಟ್ಟಿಗಳು. ಒಂದು ಏಸಿ. ಏಸಿ ಇದ್ದ ಕೋಣೆಯಲ್ಲಿ ಗಾಳಿಗೇನು ಬರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದು ಒಳಗಿದ್ದ ಗಾಳಿಯನ್ನೇ ಸುತ್ತಿಸುತ್ತದೆ, ಹೊಸದನ್ನು ತರುವುದಿಲ್ಲ.

ಮೊದಲು ನಾವು ತೆಗೆಯಬೇಕಾಗಿದ್ದದ್ದು ಕತ್ತಲೆಯ ಚಿತ್ರಗಳು. ಮುಚ್ಚಳ ಮುಚ್ಚಿ, ಏನೂ ಇಲ್ಲದ್ದರ ಚಿತ್ರ ತೆಗೆಯುವುದು. ಕಣ್ಣು ತನ್ನಷ್ಟಕ್ಕೆ ಎಷ್ಟು ಸುಳ್ಳು ಕಾಣುತ್ತದೆ ಎಂದು ತಿಳಿದರೆ, ನಿಜವಾದ ಚಿತ್ರದಿಂದ ಅಷ್ಟನ್ನು ಕಳೆಯಬಹುದು. ಒಳ್ಳೆಯ ಕತ್ತಲೆಯ ಚಿತ್ರ ಸಿಕ್ಕಿದ ಮೇಲೆಯೇ ಮುಂದಿನ ಕೆಲಸ ಎಂದು ವಿಜ್ಞಾನ ಕೇಂದ್ರದವರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂಥ ಮೊದಲ ಚಿತ್ರದಲ್ಲೇ ಆ ಪಟ್ಟಿಗಳೂ, ಆ ವಾಲಿದ ತಲೆಯೂ ಬಂದದ್ದು.

ವಿಠಲಣ್ಣ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. "ಯಾರು ಮಾರಾಯ ಅದು?"

"ಯಾರೂ ಇಲ್ಲ ಅಣ್ಣ, ಕಿಂಡಿಯಿಂದ ಬೆಳಕು ಬರ್ತಿದೆ. ನೋಡಿ, ಅದರ ಪಟ್ಟಿಗಳೇ ಇವು," ಎಂದ ನವೀನ.

"ಅದು ಸರಿ. ಕಿಂಡಿಯ ಎದುರು ನಿಂತದ್ದು ಯಾರು ಅಂತ ಕೇಳಿದ್ದು ನಾನು."

ನವೀನ ಬೀಗ ತೆಗೆದು ಒಳಗೆ ಹೋಗಿ ನೋಡಿ ಬಂದ. ಯಾರೂ ಇರಲಿಲ್ಲ. ಮುಂದಿನ ಚಿತ್ರದಲ್ಲೂ ಆ ಆಕಾರ ಅಲ್ಲೇ ಇತ್ತು, ಸ್ವಲ್ಪ ಮಸುಕಾಗಿ. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ಮಸುಕು. ಯಾರೋ ನಿಂತಲ್ಲೇ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿರುವಂತೆ. ಹೊರಗೆ ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು. ಮೂವರಲ್ಲಿ ಯಾರೂ ಕುರ್ಚಿಯಿಂದ ಏಳಲಿಲ್ಲ.

ಅದೇ ಸಂಜೆ ಕಿಂಡಿಗೆ ಕಪ್ಪು ರೆಕ್ಸಿನ್ ಹೊದಿಸಿ ಸುತ್ತ ಟೇಪ್ ಅಂಟಿಸಿದೆವು. ಆಮೇಲೆ ತೆಗೆದ ಚಿತ್ರಗಳಲ್ಲಿ ಪಟ್ಟಿಗಳು ಬರುಬರುತ್ತ ಅಳಿಸಿಹೋದವು. "ನೋಡಿದ್ರಾ?" ಎಂದು ನವೀನ ಕಾಲರ್ ಎತ್ತಿಕೊಂಡ. ಮರುದಿನ ರೆಕ್ಸಿನ್ ಸರಿಸಿ, ಹಗಲು ಬೆಳಕಿನಲ್ಲಿ ಕಿಂಡಿಯ ಕಡೆಗೇ ಕ್ಯಾಮೆರಾ ತಿರುಗಿಸಿ ಲೆನ್ಸ್ ಹೊಂದಿಸಿಕೊಂಡು, ಮತ್ತೆ ಎಲ್ಲ ಮುಚ್ಚಿ ಕತ್ತಲೆಯ ಚಿತ್ರಕ್ಕೆ ಕೂತರೆ, ಪಟ್ಟಿಗಳು ಮತ್ತೆ ಬಂದವು. ಈ ಸಲ ಆ ಆಕಾರ ನಡುಮಧ್ಯೆ ನಿಂತಿತ್ತು. ಟೇಪ್ ಎಲ್ಲೋ ಬಿಟ್ಟಿದೆ ಎಂದು ಇನ್ನೊಂದು ಪದರ ಹಾಕಿದೆವು. ಪಟ್ಟಿ ಮರೆಯಾಯಿತು. ಮತ್ತೊಂದು ದಿನ ಮತ್ತೆ ಬಂತು. ಬಾಗಿಲ ಸಂದಿಗೆ ಫೋಮ್ ತುಂಬಿದೆವು, ವೈರು ಹೋಗುವ ತೂತಿಗೆ ಎಂಸೀಲ್ ಮೆತ್ತಿದೆವು. ನಾವು ಮುಚ್ಚಿದಂತೆಲ್ಲ ಅದು ಹೋಗುತ್ತಿತ್ತು. ಅದು ಹೋದದ್ದಕ್ಕೆ ಮುಚ್ಚಿದ್ದೇ ಕಾರಣ ಎಂದು ನಾವು ನಂಬಿದೆವು.

ಆಮೇಲೆ ಆ ವಿಶ್ವವಿದ್ಯಾಲಯದ ಒಬ್ಬ ಮಹಿಳೆ ವೀಡಿಯೊ ಕರೆಯಲ್ಲಿ ಹೇಳಿದರು: ಆ ಫಲಕ ತುಂಬ ತಣ್ಣಗಿದ್ದಾಗ ಜೋರು ಬೆಳಕು ಕಂಡರೆ ಅದನ್ನು ಗಂಟೆಗಟ್ಟಲೆ ಮರೆಯುವುದಿಲ್ಲ. ಮುಚ್ಚಳ ಮುಚ್ಚಿದ ಮೇಲೂ ಹಿಂದೆ ಕಂಡದ್ದನ್ನೇ ಮೆಲ್ಲಗೆ ಬಿಡುತ್ತಾ ಇರುತ್ತದೆ. ಮೊದಲ ದಿನದಿಂದಲೂ ನಾವು ಲೆನ್ಸ್ ಹೊಂದಿಸುವಾಗ ತೋರಿಸಿದ್ದು ಕಿಂಡಿಯನ್ನು. ಮೊದಲ ದಿನ ಸುಮ್ಮನೆ, ಆಮೇಲೆ ರೆಕ್ಸಿನ್ ಸರಿಸುತ್ತ, ಕಿಂಡಿಯ ಮುಂದೆ ನಿಂತಿದ್ದವನು ನವೀನ. ನಾವು ನೋಡಿ ಹೆದರಿದ್ದು ಅವನನ್ನೇ. ಎಲ್ಲೂ ಬೆಳಕು ಸೋರುತ್ತಿರಲಿಲ್ಲ, ಯಾವುದನ್ನೂ ಮುಚ್ಚಬೇಕಾಗಿರಲಿಲ್ಲ. ಆದರೆ ಆ ಕರೆ ಬಂದದ್ದು ಎಲ್ಲ ಆದ ಮೇಲೆ.

ಅಷ್ಟರಲ್ಲಿ ಕೋಣೆಗೆ ಹೋಗಿ ಬಂದರೆ ಮೂವರಿಗೂ ತಲೆನೋವು. ಮಳೆಗಾಲದ ತಲೆಭಾರ ಎಂದು ನಾನು, ಪಕ್ಕದ ಗಾಳಾದ ಬಣ್ಣದ ವಾಸನೆ ಎಂದು ನವೀನ. ರಬಾಳೆಯಲ್ಲಿ, ಡೊಂಬಿವಲಿಯಲ್ಲಿ ಬದುಕುವ ನಮಗೆ ಮೂಗೇ ಕಾವಲುಗಾರ. ಕೆಮಿಕಲ್ ವಾಸನೆ ಬಂದರೆ ಕಿಟಕಿ ಹಾಕುತ್ತೇವೆ, ಹೋದರೆ ತೆಗೆಯುತ್ತೇವೆ. ಆ ಕೋಣೆಯಲ್ಲಿ ಏನೂ ವಾಸನೆಯಿರಲಿಲ್ಲ. ಇಡೀ ರಬಾಳೆಯಲ್ಲಿ ಅಷ್ಟು ಚೊಕ್ಕ ಗಾಳಿ ಇನ್ನೆಲ್ಲೂ ಇಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ.

ವಿಠಲಣ್ಣ ಮಾತ್ರ ಬೇರೆ ಯೋಚನೆಯಲ್ಲಿದ್ದರು. ಎಲ್ಲ ಹೊಸ ಯಂತ್ರಕ್ಕೂ ಅವರು ಮೊದಲ ದಿನ ಒಂದು ಹಣತೆ ಹಚ್ಚಿ ಕೈ ಮುಗಿಯುತ್ತಿದ್ದರು. ಆ ಆಕಾರ ಕಂಡ ಮೇಲೆ ಪೆನ್ಶನರ್ ಮುಂದೆ ನೆಲದ ಮೇಲೆ ದಿನಾ ಬೆಳಿಗ್ಗೆ ದೀಪ ಇಡಲು ಶುರುಮಾಡಿದರು. ಕೆಲಸ ಆರಂಭಿಸುವ ಮುಂಚೆ ಸ್ವಲ್ಪ ಹೊತ್ತು ಅದು ಉರಿಯಬೇಕು, ಆಮೇಲೆ ತೆಗೆದುಬಿಡುವುದು. ಮೊದಲೆರಡು ದಿನ ಉರಿಯಿತು. ಕಿಂಡಿಯನ್ನೂ ಬಾಗಿಲ ಸಂದಿಯನ್ನೂ ಪೂರ್ತಿ ಮುಚ್ಚಿದ ವಾರ, ದೀಪ ನೆಲಕ್ಕಿಟ್ಟ ಕೂಡಲೇ ಕುಗ್ಗಿ, ನೀಲಿಯಾಗಿ, ಹೋಯಿತು. ಅವರು ಮತ್ತೆ ಹಚ್ಚಿದರು. ಮತ್ತೆ ಹೋಯಿತು.

"ಏಸಿ ಗಾಳಿ ಅಣ್ಣ," ಎಂದ ನವೀನ.

"ಏಸಿ ಬಂದ್ ಮಾಡಿ ಇಟ್ಟದ್ದು ನಾನು. ಬತ್ತಿ ಹೊಸತು, ಎಣ್ಣೆ ಹೊಸತು. ಇಲ್ಲಿ ಇದ್ದದ್ದಕ್ಕೆ ದೀಪ ಬೇಡ ಅಂತ ಕಾಣ್ತದೆ." ಅವರ ಧ್ವನಿ ಇಳಿದಿತ್ತು. "ಟೀಚರ್, ನೀವು ನಗಾಡಬೇಡಿ."

ನಾನು ನಗಲಿಲ್ಲ. ದೀಪವನ್ನು ಎತ್ತಿ ಹೊಸ್ತಿಲ ಹೊರಗಿಟ್ಟೆವು. ಅಲ್ಲಿ ಅದು ನೆಟ್ಟಗೆ, ಹೊಂಬಣ್ಣದಲ್ಲಿ ಉರಿಯಿತು. ಎಲ್ಲರಿಗೂ ಸಮಾಧಾನವಾಯಿತು. ಮರುದಿನದಿಂದ ದೀಪದ ಜಾಗ ಹೊಸ್ತಿಲ ಹೊರಗೇ ಆಯಿತು.

ವಿಜ್ಞಾನ ಕೇಂದ್ರದವರು ನೋಡಲು ಬರುವ ಹಿಂದಿನ ದಿನ. ಬೆಳಿಗ್ಗೆಯಿಂದ ಕತ್ತಲೆಯ ಚಿತ್ರಗಳ ಸಾಲು ಓಡುತ್ತಿತ್ತು. ನಡುವೆ ಸಾರಜನಕ ಮುಗಿಯುತ್ತ ಬಂತು. ಸಾಲು ನಿಲ್ಲಿಸಿದರೆ ಮೊದಲಿನಿಂದ ಮಾಡಬೇಕು. ಅದಕ್ಕೆ ನವೀನ ಸಣ್ಣ ಕೆಂಪು ಟಾರ್ಚ್ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೊಸ ಡಬ್ಬಿ ಒಳಗೇ ಇತ್ತು. ನಾನು ಹೊರಗೆ ಪರದೆಯ ಮುಂದೆ ಕೂತಿದ್ದೆ. ಕೆಲಸ ಮಾಡುವಾಗ ಗುನುಗುವುದು ಅವನ ಚಾಳಿ, ರಾಗವೂ ಇಲ್ಲ, ತಾಳವೂ ಇಲ್ಲ. ತೆಳು ಬಾಗಿಲಿನಾಚೆ ಅದು ಕೇಳುತ್ತಿತ್ತು. ಒಂದು ಸಲ ಏನೋ ಉರುಳಿದ ಸದ್ದು.

"ಏನಾಯ್ತೋ?"

"ಏನಿಲ್ಲ ಅಕ್ಕ, ಸ್ವಲ್ಪ ಚೆಲ್ತು. ಮೋಡದ್ ಮೇಲೆ ನಿಂತಂಗಿದೆ." ನಕ್ಕ. ಮತ್ತೆ ನಕ್ಕ. ನಗು ಅವನದಲ್ಲ ಅನ್ನಿಸುವಷ್ಟು ಉದ್ದವಾಯಿತು.

"ನವೀನಾ, ಸಾಕು, ಹೊರಗೆ ಬಾ."

"ಬಂದೇ ಅಕ್ಕ," ಎಂದ. ಬರಲಿಲ್ಲ. ಗುನುಗುವುದೂ ನಿಂತಿತು. ಪರದೆಯ ಮೇಲೆ ಒಂದು ಚಿತ್ರ ಬಂತು, ಪೂರ್ತಿ ಕಪ್ಪು. ಪಟ್ಟಿಯಿಲ್ಲ, ಆಕಾರವಿಲ್ಲ. ಅಷ್ಟು ದಿನ ನಾವು ಬಯಸಿದ್ದ ಕತ್ತಲೆ. ನಾನು ಬಾಗಿಲು ತಳ್ಳಿದೆ.

ಒಳಗೆ ನೆಲದ ಮೇಲೆ ಮೊಣಕಾಲೆತ್ತರ ಬಿಳಿ ಹೊಗೆ ನಿಂತಿತ್ತು. ನವೀನ ಎದುರಿನ ಗೋಡೆಗೆ ಒರಗಿ ಕೂತಿದ್ದ, ಕಾಲು ಚಾಚಿ, ಟಾರ್ಚ್ ಮಡಿಲಲ್ಲಿಟ್ಟುಕೊಂಡು. ತಲೆ ತುಸು ವಾಲಿತ್ತು. ಕಣ್ಣು ಅರ್ಧ ತೆರೆದಿತ್ತು, ಬಾಯಲ್ಲಿ ಸಣ್ಣ ನಗೆ.

ನನ್ನ ಕೂಗಿಗೆ ವಿಠಲಣ್ಣ ಓಡಿ ಬಂದರು. ಹೊಸ್ತಿಲಲ್ಲಿ ಆರುತ್ತಿದ್ದ ದೀಪಕ್ಕೆ ಎಣ್ಣೆ ಹಾಕಲು ಎತ್ತಿಕೊಂಡವರು, ಅದನ್ನು ಕೈಯಲ್ಲಿ ಹಿಡಿದೇ ಬಂದಿದ್ದರು. "ಏ ನವೀನಾ, ಎಂತ ಆಯ್ತಾ?" ಎನ್ನುತ್ತ ಒಳಗೆ ಎರಡು ಹೆಜ್ಜೆ ಇಟ್ಟು ಬಗ್ಗಿದರು. ದೀಪ ಹೊಗೆಯ ಮಟ್ಟಕ್ಕೆ ಇಳಿಯಿತು. ಒದ್ದೆ ಬೆರಳಲ್ಲಿ ಚಿವುಟಿದ ಹಾಗೆ ಆರಿತು.

ಆ ಒಂದು ಕ್ಷಣವನ್ನು ನಾನು ಈಗಲೂ ನೋಡುತ್ತೇನೆ. ಬಸ್ಸಿನಲ್ಲಿ, ಕುಕ್ಕರ್ ಕೂಗುವುದನ್ನು ಕಾಯುತ್ತ ನಿಂತಾಗ, ಸುಮ್ಮನೆ. ಅಂದು ಆ ದೀಪ ಮತ್ತೆ ಮತ್ತೆ ಆರಿದ್ದು ಏಕೆ ಎಂದು ಆಗ ನನಗೆ ಗೊತ್ತಾಯಿತು. ಕುದಿದು ಗಾಳಿಯಾದ ಸಾರಜನಕ ಹೊರಗೆ ಹೋಗಲು ದಾರಿಯಿಲ್ಲದೆ ಕೋಣೆಯಲ್ಲೇ ತುಂಬಿ, ಉಸಿರಿಗೆ ಬೇಕಾದ ಆಮ್ಲಜನಕದ ಜಾಗ ಕಸಿದಿತ್ತು. ಬಾಹ್ಯಾಕಾಶದಲ್ಲಿ ಕೆಲಸ ಮಾಡಲು ಹುಟ್ಟಿದ ಕಣ್ಣಿಗೆ ಅದಕ್ಕೆ ಒಗ್ಗುವ ಜಾಗ ಮಾಡಿಕೊಡಿ ಎಂದು ನಮಗೆ ಹೇಳಿದ್ದರು. ನಾವು ಮಾಡಿದ್ದೆವು. ಚಳಿಯಿತ್ತು, ಕತ್ತಲೆಯಿತ್ತು, ಉಸಿರಾಡಲು ಏನೂ ಇರಲಿಲ್ಲ.

ನಾನು ವಿಠಲಣ್ಣನ ಷರ್ಟಿನ ಬೆನ್ನು ಹಿಡಿದು ಎಳೆದೆ. ಅವರು ನನಗಿಂತ ಎರಡು ಪಟ್ಟು ತೂಕ. ಆಗಲೇ ತೂರಾಡುತ್ತಿದ್ದರು, ಅದಕ್ಕೇ ನನ್ನ ಕೈಗೆ ಬಗ್ಗಿದರು. ಹೊಸ್ತಿಲಾಚೆ ಬಿದ್ದವರು ಎರಡು ಉಸಿರು ಎಳೆದು ಮತ್ತೆ ಒಳಗೆ ನುಗ್ಗಲು ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಎನನ್ ಬುಡು!" ಬಿಡು ನನ್ನನ್ನು ಎಂದು ತುಳುವಿನಲ್ಲಿ ಕಿರುಚಿದರು. "ಅಲ್ಲಿ ಹುಡುಗ ಸಾಯ್ತಿದ್ದಾನೆ, ನೀನು ಅಡ್ಡ ನಿಲ್ತೀಯಾ? ಮನುಷ್ಯಳಾ ನೀನು?"

"ಒಳಗೆ ಗಾಳಿ ಇಲ್ಲ. ನೀವು ಹೋದ್ರೆ ನೀವೂ ಅಲ್ಲೇ. ಹಿಂದಿನಿಂದ ಹೋಗಿ ಕಿಂಡಿ ಹರೀರಿ. ಕಿಂಡಿ!"

ಅವರು ನನ್ನ ಮುಖ ನೋಡಿದರು. ಓಡಿದರು. ನಾನು ಪೇಂಟಿಂಗ್ ಮೂಲೆಯಲ್ಲಿದ್ದ ದೊಡ್ಡ ಸ್ಟ್ಯಾಂಡ್ ಫ್ಯಾನನ್ನು ಎಳೆದು ತಂದು ಬಾಗಿಲಿಗೆ ಇಟ್ಟು ಪೂರ್ತಿ ಜೋರಾಗಿ ಹಾಕಿದೆ. ಪಕ್ಕದ ಗಾಳಾದವರು "ಕಾಯ್ ಝಾಲಂ, ತಾಯಿ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತ ಬಂದರು. ಅವರಲ್ಲಿ ಒಬ್ಬ ಒಳಗೆ ಕಾಲಿಡಲು ಹೊರಟ. ಅವನನ್ನೂ ತಡೆದೆ. ನವೀನ ನನ್ನಿಂದ ಆಟೋದ ಉದ್ದದಷ್ಟು ದೂರದಲ್ಲಿ ಕೂತು ನಗುತ್ತಿದ್ದ, ನಾನು ಬಾಗಿಲು ಕಾಯುತ್ತಿದ್ದೆ. ಅವನ ತುಟಿಯ ಬಣ್ಣ ಬದಲಾಗುತ್ತಿತ್ತು. ಹಿಂದಿನ ಓಣಿಯಲ್ಲಿ ವಿಠಲಣ್ಣ ರೆಕ್ಸಿನ್ ಹರಿಯುತ್ತಿದ್ದ ಸದ್ದು. ಪದರದ ಮೇಲೆ ಪದರ. ಎಷ್ಟು ಟೇಪ್ ಅಂಟಿಸಿದ್ದೆವು ನಾವು!

ಕೊನೆಗೆ ಕಿಂಡಿಯಲ್ಲಿ ಬಿಳಿ ಬೆಳಕು ಒಡೆಯಿತು. ಹೊಗೆ ಅತ್ತ ಹರಿಯತೊಡಗಿತು. ಪ್ಯಾಕಿಂಗ್ ಪಟ್ಟಿಯೊಂದನ್ನು ಸೊಂಟಕ್ಕೆ ಸುತ್ತಿ ಅದರ ತುದಿಯನ್ನು ಪಕ್ಕದವರ ಕೈಗೆ ಕೊಟ್ಟು, ಎದೆ ತುಂಬ ಉಸಿರು ತುಂಬಿಕೊಂಡು ಬಾಯಿ ಮುಚ್ಚಿ ಒಳಗೆ ಹೋದೆ. ಅವನ ಎರಡೂ ಕಾಲು ಹಿಡಿದು ಎಳೆದೆ. ಅವರು ನನ್ನನ್ನು ಎಳೆದರು. ಹೊಸ್ತಿಲಿಗೆ ಅವನ ತಲೆ ಬಡಿದ ಸದ್ದು ನನಗೆ ಗೊತ್ತು, ಅದರ ಗಾಯದ ಗುರುತು ಅವನಿಗಿದೆ.

ಹೊರಗೆ ಹಾಕಿದ ಮೇಲೆ ಅವನು ಉಸಿರಾಡುತ್ತಿರಲಿಲ್ಲ. ಪಕ್ಕದ ಗಾಳಾದವನೊಬ್ಬ ಎದೆ ಒತ್ತಿದ, ನಾನು ಬಾಯಿಗೆ ಬಾಯಿಟ್ಟು ಊದಿದೆ. ವಿಠಲಣ್ಣ ಅವನ ಪಾದ ಉಜ್ಜುತ್ತ, "ಸೌಮ್ಯಾಗೆ ಎಂತ ಹೇಳುದು, ಸೌಮ್ಯಾಗೆ ಎಂತ ಹೇಳುದು," ಎಂದು ಅದನ್ನೇ ಹೇಳುತ್ತಿದ್ದರು. ಆಮೇಲೆ ನವೀನನ ಗಂಟಲಿನಿಂದ ಗೊರಕೆಯಂಥ ಒಂದು ಸದ್ದು ಬಂತು. ಅಷ್ಟು ಅಸಹ್ಯವಾದ, ಅಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ. ಮಳೆಯಲ್ಲೇ ಟೆಂಪೋದಲ್ಲಿ ಮಲಗಿಸಿ ಐರೋಲಿಯ ಆಸ್ಪತ್ರೆಗೆ ಒಯ್ದೆವು.

ಅವನು ಉಳಿದ. ಆದರೆ ಪೂರ್ತಿ ಮರಳುತ್ತಾನೋ ಇಲ್ಲವೋ, ಕಾದು ನೋಡಬೇಕು ಎಂದರು ಡಾಕ್ಟರು. ಮೊದಲೆರಡು ದಿನ ಅವನು ಸೌಮ್ಯಾಳನ್ನು ನೋಡಿ, "ನೀನು ಯಾವಾಗ ಬಂದೆ?" ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಅದೇ ಧ್ವನಿಯಲ್ಲಿ, "ನೀನು ಯಾವಾಗ ಬಂದೆ?" ಅವಳು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡವಳಂತೆ ಉತ್ತರ ಕೊಟ್ಟು ಕಾರಿಡಾರಿಗೆ ಬಂದು ಅಳುತ್ತಿದ್ದಳು. ಒಂದು ಮಧ್ಯಾಹ್ನ ಆಸ್ಪತ್ರೆಯ ಉಪ್ಪಿಟ್ಟು ನೋಡಿ, "ಇದಕ್ಕೆ ಕರಿಬೇವು ಹಾಕೋಕೂ ಇವ್ರಿಗೆ ಜಿಪುಣತನ," ಎಂದ. ಆವತ್ತು ಅವಳು ಅಳಲಿಲ್ಲ.

ಅವನನ್ನು ಎಳೆದು ಹಾಕುವ ತನಕ, ಆಮೇಲೂ, ಪೆನ್ಶನರ್ ತನ್ನ ಪಾಡಿಗೆ ಚಿತ್ರ ತೆಗೆಯುತ್ತಲೇ ಇತ್ತು. ಕಿಂಡಿ ಹರಿದು ಕೋಣೆಯೆಲ್ಲ ಬೆಳಕಾದ ಮೇಲೂ ಅದರ ಮುಚ್ಚಳದೊಳಗೆ ಕತ್ತಲೆಯೇ. ಅವನು ಅದರ ಮುಂದೆ ಉಸಿರಿಲ್ಲದೆ ಕೂತಿದ್ದ ಹೊತ್ತಿನ ಚಿತ್ರಗಳನ್ನು ನಾನು ನೋಡಿದೆ. ನಾವು ತೆಗೆದವುಗಳಲ್ಲೆಲ್ಲ ಅವೇ ಒಳ್ಳೆಯವು. ವಿಠಲಣ್ಣ ಅವನ್ನು ಅಳಿಸಿಹಾಕಲು ಹೇಳಿ, ಫಲಕವನ್ನು ಪೆಟ್ಟಿಗೆಯಲ್ಲಿಟ್ಟು ವಾಪಸ್ ಕಳಿಸಿದರು. ಆ ಕೆಲಸವನ್ನು ಅಲ್ಲಿಗೇ ಕೈಬಿಟ್ಟರು. ಅಡ್ಡ ನಿಂತದ್ದಕ್ಕೆ ಬೈದದ್ದರ ಬಗ್ಗೆ ಒಂದೇ ಸಲ, ಬೇರೆ ಕಡೆ ನೋಡುತ್ತ, "ಟೀಚರ್, ಆ ದಿನ ನನ್ನ ಬಾಯಿ ಸರಿ ಇರ್ಲಿಲ್ಲ," ಎಂದರು.

ಮನೆಗೆ ಬಂದ ನವೀನನಿಗೆ ನಿದ್ದೆಯೇ ಭಯವಾಯಿತು. ನೋಡಲು ಹೋದಾಗ ಸೌಮ್ಯಾ ಚಹಾ ಮಾಡಲು ಎದ್ದುಹೋದದ್ದನ್ನು ನೋಡಿಕೊಂಡು ಹೇಳಿದ: "ಅಕ್ಕ, ಉಸಿರು ಕಟ್ಟಿದ್ರೆ ಒದ್ದಾಡ್ತೀವಿ ಅಂತ ಅಂದ್ಕೊಂಡಿದ್ದೆ. ಹಂಗೇನಿಲ್ಲ. ಎಷ್ಟು ಹಾಯಾಗಿತ್ತು ಗೊತ್ತಾ? ಮೈಯೆಲ್ಲ ಹಗುರ ಆಗಿ, ಯಾರೋ ಕರೀತಿದ್ದಾರೆ, ಆಮೇಲೆ ಹೋದ್ರಾಯ್ತು ಅಂತ. ಈಗ ದಿನಾ ನಿದ್ದೆ ಬರೋ ಮುಂಚೆ ಅದೇ ಥರ ಹಗುರ ಆಗುತ್ತೆ. ಎದ್ದು ಕೂತ್ಕೋತೀನಿ."

ಅವನು ಎದ್ದು ಕೂತರೆ ಅವಳೂ ಕೂರುತ್ತಿದ್ದಳು. ಅವನು ಮಲಗಿದರೆ ಅವಳು ಅವನ ಮೂಗಿನ ಕೆಳಗೆ ಅಂಗೈ ಹಿಡಿದು ಕೂರುತ್ತಿದ್ದಳು. ಅವನಿಗೆ ನಿದ್ದೆ ಹತ್ತಿ, ಉಸಿರು ಸರಿಯಾಗಿದ್ದರೆ ನನಗೊಂದು ಮಿಸ್ಡ್ ಕಾಲ್. ನಾನೇ ಕೇಳಿಕೊಂಡಿದ್ದೆ. ಅದು ಬರುವ ತನಕ ಡೊಂಬಿವಲಿಯಲ್ಲಿ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಬಂದ ಮೇಲೂ, ಎದ್ದು ಎಲ್ಲ ಕಿಟಕಿ ತೆರೆಯುತ್ತಿದ್ದೆ. ಧಾರವಾಡದಿಂದ ಬಂದು ನನ್ನೊಂದಿಗಿದ್ದ ಅವ್ವ ಎದ್ದು ಮುಚ್ಚುತ್ತಿದ್ದಳು.

"ಏನ್ ಹುಚ್ಚ ಹಿಡದದ ನಿನಗ? ಸೊಳ್ಳಿ ನನ್ನ ಎತ್ಕೊಂಡ ಹೋಗ್ತಾವ."

"ಅವ್ವಾ, ಒಂದಾದ್ರೂ ತೆಗೆದಿರಲಿ."

"ತಗಿ. ನಾಳಿ ಡೆಂಗೂ ಬಂದ್ರ ನೀನ ನೋಡ್ಕೊ," ಎಂದು ಗೊಣಗಿ, ತಾನೇ ಒಂದು ಕಿಟಕಿಯ ಬಾಗಿಲಿಗೆ ಇಟ್ಟಿಗೆ ಒತ್ತುಕೊಟ್ಟು ಮಲಗುತ್ತಿದ್ದಳು. ನನ್ನ ಎದೆ ಏರಿಳಿಯುವುದನ್ನು ಅವಳೂ ಕತ್ತಲೆಯಲ್ಲಿ ನೋಡುತ್ತಿದ್ದಳು ಎಂದು ನನಗೆ ತಡವಾಗಿ ತಿಳಿಯಿತು.

ಗಣಪತಿ ಹಬ್ಬ ಹೋಯಿತು, ನವರಾತ್ರಿಯೂ ಮುಗಿಯಿತು. ಮಳೆ ಹಿಂದೆ ಸರಿದು ಬಿಸಿಲು ಬಂತು. ಒಂದು ಭಾನುವಾರ ಎಚ್ಚರವಾದಾಗ ಬಿಸಿಲು ನನ್ನ ಮುಖದ ಮೇಲಿತ್ತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಎತ್ತಿಕೊಂಡೆ. ಮಿಸ್ಡ್ ಕಾಲ್ ಇರಲಿಲ್ಲ.

ಕರೆ ಮಾಡಿದೆ. ಉದ್ದಕ್ಕೂ ರಿಂಗಾಗಿ ಕಟ್ ಆಯಿತು. ಅವನ ಫೋನ್ ಸ್ವಿಚ್ ಆಫ್. ಮತ್ತೆ ಅವಳಿಗೆ ಮಾಡಿದೆ. ಮತ್ತೆ. ಅವ್ವ ಬಾಗಿಲಿಗೆ ಬಂದು ನನ್ನ ಮುಖ ನೋಡಿ, "ಹೋಗಿ ಬಾ, ಹೋಗು," ಎಂದಷ್ಟೇ ಹೇಳಿದಳು. ಡೊಂಬಿವಲಿಯಿಂದ ಕಲ್ಯಾಣಕ್ಕೆ ಎಷ್ಟು ದೂರ! ಆ ದಿನ ಠಾಕುರ್ಲಿಯಲ್ಲಿ ಗಾಡಿ ನಿಂತದ್ದು ಮತ್ತೆ ಹೊರಡುವುದೇ ಇಲ್ಲವೇನೋ ಅನ್ನಿಸಿತ್ತು. ಎದುರು ಕೂತ ಹೆಂಗಸು ಬಟಾಣಿ ಸುಲಿಯುತ್ತ ನನಗೇನಾದರೂ ಆಗಿದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಫೋನನ್ನು ಮತ್ತೆ ಕಿವಿಗೆ ಹಿಡಿದೆ. ಅವರ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಬೆಲ್ ಇರುವುದು ಮರೆತೇ ಹೋಗಿತ್ತು.

ಬಹಳ ಹೊತ್ತಿನ ಮೇಲೆ ಸೌಮ್ಯಾ ಬಾಗಿಲು ತೆಗೆದಳು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ. "ಅಯ್ಯೋ ಅಕ್ಕ, ಏನಾಯ್ತು?"

"ಕಾಲ್ ಬರಲಿಲ್ಲ."

ಅವಳ ಕೈ ಬಾಯಿಗೆ ಹೋಯಿತು. "ನಾನು ಮಲಗಿಬಿಟ್ಟೆ," ಎಂದಳು, ತಪ್ಪು ಮಾಡಿದವಳಂತೆ. ತಿರುಗಿ ಒಳಗೆ ಓಡಿದಳು. ನಾನು ಚಪ್ಪಲಿ ಹಾಕಿಕೊಂಡೇ ಅವಳ ಹಿಂದೆ ಓಡಿದೆ.

ನವೀನ ಹಾಸಿಗೆಗೆ ಅಡ್ಡಲಾಗಿ ಬಿದ್ದುಕೊಂಡಿದ್ದ, ಒಂದು ಕಾಲು ನೆಲದ ಮೇಲೆ, ಬಾಯಿ ತೆರೆದಿತ್ತು. ಇಬ್ಬರೂ ಬಗ್ಗಿ ನಿಂತೆವು. ಎದೆ ಏರಿತು, ಇಳಿಯಿತು, ಏರಿತು. ಅವನು ಒಂದು ಕಣ್ಣು ಬಿಟ್ಟ.

"ಏನು ಇಬ್ರೂ ಹೆಣ ನೋಡೋ ಥರ ನಿಂತಿದ್ದೀರಾ? ಭಾನುವಾರ ಇವತ್ತು. ಮಲಗೋಕೆ ಬಿಡಿ." ಮಗ್ಗುಲು ಬದಲಿಸಿ, ದಿಂಬನ್ನು ತಲೆಯ ಮೇಲೆ ಎಳೆದುಕೊಂಡ. ನಾವು ಹೊರಗೆ ಬರುವಷ್ಟರಲ್ಲಿ ಗೊರಕೆ ಶುರುವಾಯಿತು.

ಸೌಮ್ಯಾ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನಗಲು ಶುರುಮಾಡಿದಳು, ಆಮೇಲೆ ಸೆರಗಿಗೆ ಮುಖ ಒತ್ತಿಕೊಂಡಳು. ಮುಖ ಒರೆಸಿಕೊಂಡು ಕೇಳಿದಳು: "ಪಾಪ, ಇಡೀ ರಾತ್ರಿ ಕಾಯ್ತಾ ಕೂತಿದ್ರಾ ಅಕ್ಕ?"

"ಇಲ್ಲ," ಎಂದೆ. "ನಾನೂ ಮಲಗಿಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದೆ."

ಆ ಮಾತು ನನ್ನ ಬಾಯಿಂದ ಬಂದ ಮೇಲೆಯೇ ಅದರ ಅರ್ಥ ನನಗೆ ಹೊಳೆದದ್ದು.